ಕುಂಬಳಕಾಯಿ ಒಡೆದ ಮೇಲೆ

ಮೊನ್ನೆ ಕೊಡಗಿನ ನಾಪೋಕ್ಲು ಹತ್ತಿರದ ತೋಟದ ಮನೆಯ ಅಂಗಳದಲ್ಲಿ, ಶೂಟಿಂಗ್ ಮುಗಿಸಿ ನಮ್ಮ ಸಿನಿಮಾಗೆ ಕುಂಬಳಕಾಯಿ ಒಡೆದೆವು. ಮಳೆ ನಿಂತಿರಲಿಲ್ಲ, ಕೊಡೆ ಹಿಡಿದುಕೊಂಡೇ ಒಡೆದದ್ದು. ಒಬ್ಬೊಬ್ಬರ ಕೈ ಹಿಡಿದು ಹೇಳಬೇಕಿದ್ದ ಮಾತು ಆ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿಯ ಕಾಫಿ ಕೊಯ್ಲಿಗೆ, ಮಾರ್ಚ್‌ನ ಹೂವಿಗೆ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಗೆ ಅಂತ ಮೂರು ಸಲ ಕೊಡಗಿಗೆ ಬಂದೆವು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬೀಳುತ್ತದೆ ಅಂತ ಮೊದಲೇ ಹೇಳೋಕೆ ಆಗುತ್ತಾ? ಬಿದ್ದು ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಹೂವು ಬಾಡಿಹೋಗುತ್ತದೆ. ಅಷ್ಟಕ್ಕೋಸ್ಕರ ಬೇರೆ ಕೆಲಸ ಒಪ್ಪಿಕೊಳ್ಳದೆ ನನ್ನ ಫೋನಿಗೆ ಕಾದು ಕೂತ ಕಲಾವಿದರಿಗೆಲ್ಲ ಶರಣು. ನಾಯಕನಾದ ಹುಡುಗ, ಅವನ ತಂಗಿಯಾದ ಪುಟ್ಟಿ, ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬಂದು ಮೊದಲ ಸಲ ಕ್ಯಾಮೆರಾ ಎದುರು ನಿಂತ ಅಕ್ಕಂದಿರು, ನಿಮ್ಮನ್ನು ಮರೆಯುವುದಿಲ್ಲ. ಆ ಅಕ್ಕಂದಿರು ಮಾತಾಡುತ್ತಾ, ಕೈ ಕಡೆ ನೋಡದೇ ಹಣ್ಣು ಕೊಯ್ಯುವುದನ್ನು ಕಂಡು ನಮ್ಮ ಹುಡುಗ ಒಂದು ವಾರ ಅವರ ಜೊತೆಗೇ ಕೊಯ್ದ. ನಾನು ಹೇಳಿಕೊಡೋಕೆ ಆಗದ್ದನ್ನು ಅಲ್ಲಿ ಕಲಿತ.

ಇನ್ನು ಅಜ್ಜಿ. ಪಾತ್ರ ಅದು, ಆದರೆ ಸೆಟ್ಟಿನಲ್ಲಿ ಎಲ್ಲರಿಗೂ ಅವರು ಅಜ್ಜಿಯೇ. ನಾಟಕದಲ್ಲೇ ವಯಸ್ಸು ಕಳೆದವರು. ಕೋಲಿಗೆ ಉಪ್ಪಿನ ಗಂಟು ಕಟ್ಟಿಕೊಂಡು, ಶಾಟ್ ಮುಗಿದ ಕೂಡಲೇ ಪುಟ್ಟಿಯ ಕಾಲಲ್ಲಿ ಜಿಗಣೆ ಇದೆಯಾ ಅಂತ ನೋಡುತ್ತಿದ್ದರು.

ಅಪ್ಪ ತೀರಿಕೊಂಡ ವಿಷಯ ನಿಮಗೆಲ್ಲ ಗೊತ್ತೇ ಇದೆ. ಸುದ್ದಿ ಬಂದಾಗ ರಾತ್ರಿ ಹನ್ನೊಂದು. ಭಾಗಮಂಡಲದ ಕಡೆ ಕಾವೇರಿ ರಸ್ತೆಗೇ ಬಂದಿತ್ತು, ಮಡಿಕೇರಿ ಕಡೆ ಮರ ಬಿದ್ದಿತ್ತು. ಬೆಳಗಾಗುವವರೆಗೆ ಹೊರಡುವ ಹಾಗಿರಲಿಲ್ಲ. ಫೋನ್ ಸಿಗುವುದು ಗೇಟಿನ ಹತ್ತಿರ ಮಾತ್ರ. ಅಲ್ಲಿಂದ ನೆನೆದು ವಾಪಸ್ ಬಂದಾಗ ಅಜ್ಜಿ ಟವೆಲ್ ಕೊಟ್ಟರು. ಉಳಿದವರು ಸಮಾಧಾನ ಹೇಳಿ ಹೋದರು. ಅಜ್ಜಿ ಏನೂ ಹೇಳಲಿಲ್ಲ. ಒಲೆ ಮುಂದೆ ನನ್ನ ಪಕ್ಕ ಸುಮ್ನೆ ಕೂತರು. ಎರಡು ಗಂಟೆಗೆ ಬೆಲ್ಲದ ಕಾಫಿ ಕಾಸಿದರು, ನಾಲ್ಕಕ್ಕೆ ಇನ್ನೊಂದು ಸಲ. "ಇದೊಂದು ಶೆಡ್ಯೂಲ್ ಮುಗಿಸಿ ಬರ್ತೀನಿ" ಅಂತ ಅಪ್ಪನಿಗೆ ಮೂರು ಸಲವೂ ಹೇಳಿದ್ದೆ. "ಆಯ್ತಪ್ಪ, ಕಾಯ್ತೀನಿ" ಅಂದಿದ್ದರು. ಇದನ್ನು ಆ ರಾತ್ರಿ ಅಜ್ಜಿಗೆ ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ ಮೊದಲ ಸಲ ಕೇಳಿದ ಹಾಗೆ ಕೇಳಿದರು. ಬೆಳಿಗ್ಗೆ ಊರಿನವರು ಮರ ಕಡಿದು ದಾರಿ ಬಿಡಿಸಿದಾಗ, ಕರೆಯದೇ ಬಂದು ಕಾರಿನಲ್ಲಿ ಕೂತರು.

ಹದಿನೈದು ದಿನ ಕಳೆದು ಮತ್ತೆ ಶೂಟಿಂಗ್ ಶುರು ಮಾಡಿದೆವು. ಉಳಿದಿದ್ದು ಮಗನ ಸಾವಿನ ಸುದ್ದಿ ಅಜ್ಜಿಗೆ ತಲುಪುವ ಸೀನ್. ಅವರು ಎದೆ ಬಡಿದುಕೊಂಡು ಅಳಬೇಕು ಅಂತ ಬರೆದಿದ್ದೆ. ಅವರು ಅಳಲಿಲ್ಲ. ಮಗನ ಟವೆಲ್ ತೆಗೆದುಕೊಂಡು ಮಡಚಿದರು, ಬಿಚ್ಚಿದರು, ಮತ್ತೆ ಅಂಚಿಗೆ ಅಂಚು ಸೇರಿಸಿ ಮಡಚಿದರು. ಕಟ್ ಹೇಳಲು ನನಗೆ ದನಿಯೇ ಬರಲಿಲ್ಲ. ಆಮೇಲೆ ಹತ್ತಿರ ಬಂದು, "ಆ ರಾತ್ರಿ ನೀನು ಬೆಳಗಿನವರೆಗೂ ಹೀಗೇ ಮಾಡ್ತಾ ಇದ್ದೆ ಮಗಾ. ಕೇಳದೆ ತಗೊಂಡೆ. ಬೇಜಾರಾಯ್ತಾ?" ಅಂದರು. ನನಗೆ ಅದು ನೆನಪೇ ಇರಲಿಲ್ಲ.

ಬೇಜಾರಿಲ್ಲ ಅಜ್ಜಿ. ಅವತ್ತು ಬಾಯಿ ಬಿಟ್ಟು ಹೇಳಲಾಗಲಿಲ್ಲ, ಈಗ ಹೇಳುತ್ತಿದ್ದೇನೆ. ಆ ಸೀನ್ ಎಡಿಟ್ ಆದ ತಕ್ಷಣ ಮೈಸೂರಿಗೆ ತಂದು ಮೊದಲು ನಿಮಗೇ ತೋರಿಸುತ್ತೇನೆ. ಅಮ್ಮನೂ ಬರುತ್ತಾರಂತೆ, ನಿಮ್ಮನ್ನು ನೋಡಬೇಕಂತೆ.