ಗಾಲಿಕುರ್ಚಿ ಎಲ್ಲಿಯವರೆಗೆ ಎಂದು ಕೇಳುವವರಾರು?

ಮಾನ್ಯ ಸಂಪಾದಕರೇ,

ಪ್ರವಾಸದ ನಡುವೆ ಕಣಕಾಲಿನ ಮೂಳೆ ಮುರಿದುಕೊಂಡು, ಮೊಣಕಾಲಿನ ಕೆಳಗೆ ಪೂರ್ತಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಗೆಳೆಯನನ್ನು ಇತ್ತೀಚೆಗೆ ಎರಡು ವಿಮಾನ ಬದಲಿಸಿ ಮನೆಗೆ ಕರೆತಂದೆ. ಟಿಕೆಟ್ ಕಾದಿರಿಸುವಾಗ 'ಗಾಲಿಕುರ್ಚಿ ಬೇಕು' ಎಂಬ ಚೌಕದಲ್ಲಿ ಗುರುತು ಹಾಕಿ ನಿಶ್ಚಿಂತನಾಗಿದ್ದೆ. ಆ ಒಂದು ಗುರುತಿನ ಹಿಂದೆ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ ಎಂದು ನನಗೆ ತಿಳಿದದ್ದು, ಎರಡನೆಯ ವಿಮಾನದ ಮೆಟ್ಟಿಲ ಬುಡದಲ್ಲಿ ನಿಂತಾಗ.

ವಿಮಾನಯಾನ ಸಂಸ್ಥೆಗಳು ಬಳಸುವ ಸಂಕೇತಗಳಲ್ಲಿ ಡಬ್ಲ್ಯೂಸಿಎಚ್‌ಆರ್ ಎಂದರೆ ಮೆಟ್ಟಿಲು ಹತ್ತಿ ಆಸನದವರೆಗೆ ತಾವೇ ಹೋಗಬಲ್ಲವರು, ದೂರದ ನಡಿಗೆಗಷ್ಟೇ ಕುರ್ಚಿ ಬೇಕಾದವರು. ಡಬ್ಲ್ಯೂಸಿಎಚ್‌ಎಸ್ ಎಂದರೆ ಮೆಟ್ಟಿಲು ಹತ್ತಲಾರದವರು. ಡಬ್ಲ್ಯೂಸಿಎಚ್‌ಸಿ ಎಂದರೆ ಆಸನದವರೆಗೂ ಕರೆದೊಯ್ಯಬೇಕಾದವರು. ಯಾರೂ ಕೇಳದ ಕಾರಣ ನಮಗೆ ಮೊದಲನೆಯದು ನಮೂದಾಗಿತ್ತು. ಹೊರಟಲ್ಲಿ ಟರ್ಮಿನಲ್‌ನಿಂದ ನೇರವಾಗಿ ವಿಮಾನದ ಬಾಗಿಲಿಗೆ ಸೇರುವ ಏರೋಬ್ರಿಜ್ ಇದ್ದುದರಿಂದ ತಪ್ಪು ಬಯಲಾಗಲಿಲ್ಲ. ಮುಂದಿನ ವಿಮಾನ ಟರ್ಮಿನಲ್‌ನಿಂದ ದೂರ ನಿಂತಿತ್ತು. ನೆರವಿಗೆ ಬಂದಿದ್ದ ಸಿಬ್ಬಂದಿ 'ಇವರು ಮೆಟ್ಟಿಲು ಹತ್ತುತ್ತಾರೆ ಎಂದೇ ಇದರಲ್ಲಿದೆಯಲ್ಲ' ಎಂದು ಪಟ್ಟಿ ತೋರಿಸಿದರು, ಅವರದೇನೂ ತಪ್ಪಿರಲಿಲ್ಲ. ಕುರ್ಚಿ ಸಮೇತ ವಿಮಾನದ ಬಾಗಿಲಿನ ಎತ್ತರಕ್ಕೆ ಏರಿಸುವ ಆಂಬುಲಿಫ್ಟ್ ವಾಹನ ಬರುವುದು ತಡವಾಗುತ್ತದೆ ಎಂದಾಗ ಗೆಳೆಯ ಊರುಗೋಲುಗಳನ್ನು ನನ್ನ ಕೈಗಿತ್ತು, ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕುಳಿತು, ಎರಡೂ ಕೈ ಊರಿ ಒಂದೊಂದೇ ಮೆಟ್ಟಿಲು ಮೈಯೆತ್ತುತ್ತ ಏರಿದ. ಅವನ ಹಿಮ್ಮಡಿ ಎಲ್ಲಿಯೂ ತಾಗದಂತೆ ಹಿಡಿದುಕೊಂಡು ನಾನು ಕೆಳಗಿನಿಂದ ಹತ್ತಿದೆ. ಮೇಲೆ ತಲುಪಿದಾಗ ಅವನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಇದು ಮುಜುಗರದ ಮಾತಷ್ಟೇ ಅಲ್ಲ. ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕುಳಿತರೆ ಬಾವು ಏರುತ್ತದೆ, ಬಿಗಿಯಾದ ಪ್ಲಾಸ್ಟರಿನೊಳಗೆ ಆ ಬಾವಿಗೆ ಜಾಗವಿರುವುದಿಲ್ಲ; ಹೊಸ ಪ್ಲಾಸ್ಟರ್ ಹಾಕಿದ ಮೊದಲ 48 ಗಂಟೆಗಳಲ್ಲಿ ಅದನ್ನು ಉದ್ದಕ್ಕೆ ಸೀಳಿಸದ ಹೊರತು ಅನೇಕ ಸಂಸ್ಥೆಗಳು ದೀರ್ಘ ಪ್ರಯಾಣಕ್ಕೆ ಒಪ್ಪದಿರುವುದು ಇದಕ್ಕಾಗಿಯೇ. ಕಾಲು ಚಾಚಲು ಅನುಕೂಲವಾದ ತುರ್ತುದ್ವಾರದ ಸಾಲನ್ನು ಗಾಯಾಳುಗಳಿಗೆ ಕೊಡುವಂತಿಲ್ಲ, ಅದು ಸರಿಯೇ. ಆದರೆ ಜೊತೆಗಾರನಿಗೆ ಬೇರೆಲ್ಲೋ ಆಸನ ಕೊಡುವುದರಲ್ಲಿ ಯಾವ ಸುರಕ್ಷತೆಯಿದೆಯೋ ತಿಳಿಯದು. ಪ್ರಯಾಣಿಕರನ್ನು ಎತ್ತುವುದು, ಶೌಚಾಲಯದೊಳಗೆ ನೆರವಾಗುವುದು ವಿಮಾನ ಸಿಬ್ಬಂದಿಯ ಕೆಲಸವಲ್ಲ, ಅದು ಜೊತೆಗಾರನ ಪಾಲಿಗೇ ಬರುತ್ತದೆ. ಗೆಳೆಯನ ಪಕ್ಕದಲ್ಲಿದ್ದ ಮಹಿಳೆಯೊಬ್ಬರು ತಾವಾಗಿಯೇ ಆಸನ ಬಿಟ್ಟುಕೊಟ್ಟದ್ದರಿಂದ, ಅರ್ಧ ಗಂಟೆಗೊಮ್ಮೆ ಅವನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು, ಬಿಳುಚಿದ ಜಾಗಕ್ಕೆ ಬಣ್ಣ ಮರಳುತ್ತದೆಯೇ, ಅಂದರೆ ಕಾಲಿನಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡುವುದು ನನಗೆ ಸಾಧ್ಯವಾಯಿತು.

ಟಿಕೆಟ್ ಕೊಡುವಾಗಲೇ ಮೆಟ್ಟಿಲು ಹತ್ತಬಲ್ಲಿರಾ, ಆಸನದವರೆಗೆ ನಡೆಯಬಲ್ಲಿರಾ, ಮೊಣಕಾಲು ಮಡಚಬಲ್ಲಿರಾ, ಜೊತೆಗೆ ಯಾರಿದ್ದಾರೆ ಎಂದು ಕೇಳಿ, ಉತ್ತರವನ್ನು ಸಂಕೇತದಲ್ಲಲ್ಲದೆ ಓದಿದರೆ ಅರ್ಥವಾಗುವ ಮಾತಿನಲ್ಲಿ ಬೋರ್ಡಿಂಗ್ ಪಾಸಿನ ಮೇಲೆ ಮುದ್ರಿಸಲು ಸಂಸ್ಥೆಗಳಿಗೆ ಹೆಚ್ಚಿನ ಖರ್ಚೇನೂ ಬಾರದು. ಅಲ್ಲಿಯವರೆಗೆ, ಗಾಯಾಳುವನ್ನು ಕರೆದುಕೊಂಡು ಹೊರಡುವವರು ಪ್ರಯಾಣಕ್ಕೆ ಎರಡು ದಿನ ಮೊದಲೇ ಸಂಸ್ಥೆಗೆ ಫೋನ್ ಮಾಡಿ, ತಮ್ಮ ಟಿಕೆಟ್‌ನಲ್ಲಿ ನಮೂದಾದ ಸಂಕೇತದ ಕೊನೆಯ ಅಕ್ಷರ ಆರ್, ಎಸ್, ಸಿ ಇವುಗಳಲ್ಲಿ ಯಾವುದೆಂದು ಪ್ರತಿಯೊಂದು ವಿಮಾನಕ್ಕೂ ಬೇರೆಬೇರೆಯಾಗಿ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು.

ಇತಿ,
ನಿಮ್ಮ ಓದುಗ