ಸಂಘ ಹುಟ್ಟಿಸಿದ ಮೇಲೆ ಅದರ ಕಡೆ ನೋಡುವವರು ಯಾರು? ಸಹಕಾರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಹಕಾರ ಸಚಿವರಿಗೆ,

ನಮಸ್ಕಾರ.

ಸಹಕಾರ ಇಲಾಖೆ ಅಂದರೆ ಜನರಿಗೆ ನೆನಪಾಗುವುದು ಬೆಳೆ ಸಾಲ, ಹಾಲಿನ ಸೊಸೈಟಿ, ಡಿಸಿಸಿ ಬ್ಯಾಂಕು. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಯುವಕ ಸಂಘ, ಮಹಿಳಾ ಮಂಡಳಿ ಕೂಡ ನಿಮ್ಮ ಇಲಾಖೆಯಲ್ಲೇ ನೋಂದಣಿ ಆಗುತ್ತವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರೇ ಸಂಘಗಳ ನೋಂದಣಾಧಿಕಾರಿಯೂ ಹೌದು. ಅವರ ಮೇಜಿನ ಮೇಲೆ ಎರಡು ಕಾಯ್ದೆಗಳಿವೆ. ಒಂದು 1959ರ ಸಹಕಾರ ಸಂಘಗಳ ಕಾಯ್ದೆ. ಇನ್ನೊಂದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಮೊದಲನೆಯದಕ್ಕೆ ಲೆಕ್ಕ ಪರಿಶೋಧನೆಯ ವ್ಯವಸ್ಥೆ ಇದೆ, ಚುನಾವಣೆ ನಡೆಸಲು ಪ್ರತ್ಯೇಕ ಪ್ರಾಧಿಕಾರವೇ ಇದೆ. ಎರಡನೆಯದಕ್ಕೆ ಇರುವುದು ಒಂದು ಫೈಲು. ನಾನು ಬರೆಯುತ್ತಿರುವುದು ಆ ಫೈಲಿನ ಬಗ್ಗೆ.

ಸಂಘ ನೋಂದಾಯಿಸುವುದು ಕಷ್ಟದ ಕೆಲಸವಲ್ಲ. ವಯಸ್ಕರು ಏಳು ಜನ ಸೇರಿದರೆ ಸಾಕು. ಉದ್ದೇಶಗಳ ಜ್ಞಾಪನ ಪತ್ರ, ಬೈಲಾ (ಸಂಘದ ಒಳನಿಯಮಗಳು), ಪದಾಧಿಕಾರಿಗಳ ಪಟ್ಟಿ, ವಿಳಾಸಕ್ಕೊಂದು ದಾಖಲೆ, ಶುಲ್ಕ. ಇದು ಹೀಗೇ ಸುಲಭವಾಗಿ ಇರಬೇಕು. ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟಿರುವ ಹಕ್ಕು. ಅದಕ್ಕೆ ಇನ್ನೊಂದಿಷ್ಟು ಅಡ್ಡಿ ಹಾಕಿ ಎಂದು ನಾನು ಕೇಳುತ್ತಿಲ್ಲ. ನನ್ನ ತಕರಾರು ಇರುವುದು ಪ್ರಮಾಣಪತ್ರ ಕೈಗೆ ಬಂದ ಮರುದಿನದಿಂದ.

ಮೊದಲು ಬೈಲಾ ವಿಷಯ. ಅದನ್ನು ಯಾರೂ ಕೂತು ಬರೆಯುವುದಿಲ್ಲ. ನೋಂದಣಿ ಮಾಡಿಸಿಕೊಡುವವರ ಹತ್ತಿರ ಒಂದು ಹಳೆಯ ನಕಲು ಇರುತ್ತದೆ. ಅದರಲ್ಲಿ ಹೆಸರು, ವಿಳಾಸ ಬದಲಾಯಿಸಿ ಕೊಡುತ್ತಾರೆ. ಹಾಗಾಗಿ ನಲ್ಲಿ ನೀರು, ಬೀದಿದೀಪಕ್ಕಾಗಿ ಹುಟ್ಟಿದ ಸಂಘದ ಉದ್ದೇಶಗಳಲ್ಲಿ ವೃದ್ಧಾಶ್ರಮ, ಗೋಶಾಲೆ, ಕಂಪ್ಯೂಟರ್ ತರಬೇತಿ ಎಲ್ಲ ಬಂದು ಕೂತಿರುತ್ತವೆ. ಅಧ್ಯಕ್ಷರ ಅಧಿಕಾರಗಳಿಗೆ ಒಂದು ಪುಟವೇ ಇರುತ್ತದೆ. ಸದಸ್ಯ ಏನು ಕೇಳಬಹುದು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ನಿಮ್ಮ ಕಚೇರಿ ಅದಕ್ಕೆ ಮೊಹರು ಹಾಕುತ್ತದೆ. ಆಮೇಲೆ ಜಗಳ ಬಂದಾಗ ಅದೇ ಕಚೇರಿ "ನಿಮ್ಮ ಬೈಲಾದಲ್ಲಿ ಹೇಗಿದೆಯೋ ಹಾಗೆ" ಅನ್ನುತ್ತದೆ.

ಸದಸ್ಯರು ಯಾರು ಎಂಬ ಪ್ರಶ್ನೆಯಲ್ಲೇ ಅರ್ಧ ರಾಜಕೀಯ ಮುಗಿದುಹೋಗುತ್ತದೆ. ಸಾಮಾನ್ಯವಾಗಿ ಬೈಲಾ ಹೇಳುವುದು "ಬಡಾವಣೆಯ ನಿವೇಶನದಾರರು" ಎಂದು. ಅಂದರೆ ಬೇರೆ ಊರಲ್ಲಿದ್ದುಕೊಂಡು ಖಾಲಿ ಸೈಟಿಗೆ ಬೇಲಿ ಹಾಕಿಟ್ಟವರು ಸದಸ್ಯರು. ಇಲ್ಲೇ ವರ್ಷಗಟ್ಟಲೆ ಬಾಡಿಗೆಗಿದ್ದು, ತಿಂಗಳು ತಿಂಗಳು ನೀರಿನ ವಂತಿಗೆ ಕಟ್ಟುವವರು ಸದಸ್ಯರಲ್ಲ. ಮನೆಗೊಂದು ಓಟು ಎಂದಾದಾಗ ಆ ಓಟು ಯಾರದ್ದಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕಸದ ಗಾಡಿ ಬರಲಿಲ್ಲ ಎಂದು ಫೋನ್ ಮಾಡುವವರು, ಟ್ಯಾಂಕರ್‌ಗೆ ಕಾಯುವವರು ಹೆಂಗಸರು. ಸಭೆಯ ಹಾಜರಿ ಪುಸ್ತಕದಲ್ಲಿ ಸಹಿ ಗಂಡಸರದ್ದು. ಇದನ್ನು ಯಾರೋ ಬೇಕೆಂದೇ ಮಾಡಿದ ಮೋಸ ಅನ್ನಲಾರೆ. ಹಳೆಯ ನಕಲಿನಲ್ಲಿ ಹಾಗೆ ಇತ್ತು, ಹಾಗೇ ಬಂತು ಅಷ್ಟೆ.

(ಅಪಾರ್ಟ್‌ಮೆಂಟಿನವರ ಗೋಳು ಬೇರೆ. ಅವರಿಗೆ 1972ರ ಪ್ರತ್ಯೇಕ ಕಾಯ್ದೆ ಇದೆ. ಆ ಪತ್ರವನ್ನು ಅವರೇ ಬರೆಯಲಿ.)

ಇನ್ನು ವಾರ್ಷಿಕ ಮಹಾಸಭೆ. ವರ್ಷಕ್ಕೊಮ್ಮೆ ನಡೆಸಲೇಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವ ರೀತಿ ಹೇಳುತ್ತೇನೆ ಕೇಳಿ. ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಸಾಲು ಬರುತ್ತದೆ. ಬೆಳಿಗ್ಗೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡುತ್ತಾರೆ. ಅರ್ಧ ಗಂಟೆಯಾದ ಮೇಲೆ ಬಂದಷ್ಟು ಜನರಲ್ಲೇ ಸಭೆ, ಆಗ ಕೋರಂ ಬೇಕಿಲ್ಲ ಎಂದು ಬೈಲಾ ಇದೆ. ಸ್ವಾಗತ, ಸನ್ಮಾನ, ಗಣ್ಯರ ಮಾತು. ಲೆಕ್ಕಪತ್ರದ ಸರದಿ ಬರುವ ಹೊತ್ತಿಗೆ ಊಟದ ಸಮಯ. "ಎಲ್ಲರ ಒಪ್ಪಿಗೆ ಇದೆಯಲ್ವಾ?" ಎಂಬ ಪ್ರಶ್ನೆ, ನಾಲ್ಕು ಚಪ್ಪಾಳೆ. ಹಳೆಯ ಪದಾಧಿಕಾರಿಗಳೇ ಅವಿರೋಧ ಆಯ್ಕೆ. ನಡಾವಳಿ ಪುಸ್ತಕದಲ್ಲಿ "ಸುದೀರ್ಘ ಚರ್ಚೆಯ ನಂತರ ಅಂಗೀಕರಿಸಲಾಯಿತು" ಎಂದು ಬರೆದಾಯಿತು. ಆ ಸುದೀರ್ಘ ಚರ್ಚೆಯನ್ನು ಕೇಳಿಸಿಕೊಂಡವರು ಯಾರಾದರೂ ಇದ್ದರೆ ನನಗೂ ಹೇಳಿ.

ಇದಕ್ಕೆಲ್ಲ ಪದಾಧಿಕಾರಿಗಳೇ ಕಾರಣ ಎಂದು ಹೇಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಸಂಬಳವಿಲ್ಲ, ಬೈಗುಳ ಮಾತ್ರ ಜಾಸ್ತಿ. ರಾತ್ರಿ ಹನ್ನೊಂದಕ್ಕೆ ಮೋಟಾರ್ ಕೆಟ್ಟರೆ ಓಡಬೇಕಾದವರು ಕಾರ್ಯದರ್ಶಿ. ಬೇರೆ ಯಾರೂ ಮುಂದೆ ಬರಲಿಲ್ಲ ಎಂದು ಹತ್ತಾರು ವರ್ಷ ಅದೇ ಕುರ್ಚಿಯಲ್ಲಿ ಕೂತವರಿದ್ದಾರೆ. ಅವರಲ್ಲಿ ಬಹಳ ಮಂದಿ ಪ್ರಾಮಾಣಿಕರು. ಆದರೆ ಪ್ರಾಮಾಣಿಕರಾದವರಿಗೂ ಯಾರೂ ಲೆಕ್ಕ ಕೇಳದೆ ಹೋದರೆ, ಒಂದು ದಿನ ಲೆಕ್ಕ ಕೇಳಿದವನು ಶತ್ರುವಾಗಿ ಕಾಣುತ್ತಾನೆ.

ನಮ್ಮ ಬಡಾವಣೆಯಲ್ಲಿ ಆದದ್ದು ಇಷ್ಟೇ. ಉದ್ಯಾನದ ಹೆಸರಿನಲ್ಲಿ ವಂತಿಗೆ ಎತ್ತಿದ್ದರು. ಅದರ ಖರ್ಚಿನ ವಿವರ ಕೊಡಿ ಎಂದು ಕೆಲವರು ಕೇಳಿದೆವು. ಸಭೆಯಲ್ಲಿ ಕೇಳಿ ಎಂದರು. ಸಭೆಯಲ್ಲಿ ಕೇಳಿದಾಗ ಸಮಯವಿಲ್ಲ, ಬರೆದು ಕೊಡಿ ಎಂದರು. ಬರೆದು ಕೊಟ್ಟದ್ದಕ್ಕೆ ಉತ್ತರ ಬರಲಿಲ್ಲ. ಕೊನೆಗೆ ನೋಂದಣಿ ಕಚೇರಿಗೆ ಹೋದೆವು. ಅಲ್ಲಿಯವರು ಒಳ್ಳೆಯ ಮಾತಿನಲ್ಲೇ ಕಾಯ್ದೆಯ 25ನೇ ಸೆಕ್ಷನ್ ತೋರಿಸಿದರು. ಆಡಳಿತ ಮಂಡಳಿಯ ಬಹುಮತದವರು ಅರ್ಜಿ ಕೊಡಬೇಕು, ಇಲ್ಲವೇ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಸಹಿ ಹಾಕಬೇಕು. ಆಗ ವಿಚಾರಣೆ.

ಸಚಿವರೇ, ಇಲ್ಲಿ ಸ್ವಲ್ಪ ನಿಲ್ಲಿ. ಆಡಳಿತ ಮಂಡಳಿಯ ಬಹುಮತದವರು ತಮ್ಮ ಮೇಲೇ ವಿಚಾರಣೆ ಕೇಳುವುದು ಅಪರೂಪ, ಅದನ್ನು ಬಿಡೋಣ. ಉಳಿದದ್ದು ಮೂರನೇ ಒಂದು ಭಾಗ. ಯಾವುದರ ಮೂರನೇ ಒಂದು ಭಾಗ? ಸದಸ್ಯರ ಪಟ್ಟಿಯದ್ದು. ಆ ಪಟ್ಟಿ ಎಲ್ಲಿದೆ? ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿ. ಯಾರ ಮೇಲೆ ದೂರು ಇದೆಯೋ ಅವರ ಹತ್ತಿರವೇ ಹೋಗಿ, "ನಿಮ್ಮ ಮೇಲೆ ದೂರು ಕೊಡಬೇಕು, ಸದಸ್ಯರ ಪಟ್ಟಿ ಕೊಡಿ" ಎಂದು ಕೇಳಬೇಕು. ಒಂದು ವೇಳೆ ಕೊಟ್ಟರು ಎಂದುಕೊಳ್ಳಿ. ಅದರಲ್ಲಿ ತೀರಿಕೊಂಡವರಿದ್ದಾರೆ, ಸೈಟು ಮಾರಿ ಹೋದವರಿದ್ದಾರೆ, ಶುಲ್ಕ ಕಟ್ಟದೆ ಸದಸ್ಯತ್ವ ನಿಂತವರಿದ್ದಾರೆ. ಅವರನ್ನೆಲ್ಲ ಸೇರಿಸಿ ಲೆಕ್ಕ ಹಾಕುವುದೋ, ಬಿಟ್ಟೋ? ಈ ಸೆಕ್ಷನ್ ಇರುವುದು ಸುಮ್ಮಸುಮ್ಮನೆ ದೂರು ಕೊಡುವವರನ್ನು ತಡೆಯಲು ಇರಬಹುದು. ಆದರೆ ಪಟ್ಟಿ ನಿಮ್ಮ ಕಚೇರಿಯಲ್ಲಿ ಇಲ್ಲದಿರುವವರೆಗೂ ಅದು ಎಲ್ಲರನ್ನೂ ತಡೆಯುತ್ತದೆ.

ಚುನಾವಣೆಯ ತಕರಾರು ಇದ್ದರಂತೂ ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತಾರೆ. ಬೀದಿದೀಪದ ಸಂಘದ ಖಜಾಂಚಿ ಯಾರು ಎಂದು ತೀರ್ಮಾನವಾಗಲು ಕೋರ್ಟಿಗೆ ಎಷ್ಟು ವರ್ಷ ಅಲೆಯಬೇಕು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಕಾಗದ ನೋಡುವ ದಾರಿ ಒಂದಿದೆ, ನಿಜ. ಮಹಾಸಭೆ ಆದ ಮೇಲೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಸಂಘ ನಿಮ್ಮ ಕಚೇರಿಗೆ ಪ್ರತಿವರ್ಷ ಸಲ್ಲಿಸಬೇಕು. ಅಲ್ಲಿಗೆ ಬಂದದ್ದನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. 2013ರಲ್ಲಿ ಕೇರಳದ ತಲಪ್ಪಲಂ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಸಹಕಾರ ಸಂಘ ತಾನಾಗಿ ಸಾರ್ವಜನಿಕ ಪ್ರಾಧಿಕಾರ, ಅಂದರೆ ಮಾಹಿತಿ ಹಕ್ಕಿನಡಿ ಉತ್ತರ ಕೊಡಬೇಕಾದ ಸಂಸ್ಥೆ, ಆಗಲಾರದು. ಆದರೆ ನಿಬಂಧಕರು ಸಾರ್ವಜನಿಕ ಪ್ರಾಧಿಕಾರವೇ, ಕಾನೂನಿನ ಪ್ರಕಾರ ಅವರು ಸಂಘದಿಂದ ಪಡೆಯಬಹುದಾದ ಮಾಹಿತಿಯನ್ನು ಅರ್ಜಿದಾರರಿಗೆ ಕೊಡಬೇಕು. ತೊಂದರೆ ಏನೆಂದರೆ, ಎಷ್ಟೋ ಸಂಘಗಳು ಏನನ್ನೂ ಸಲ್ಲಿಸುವುದೇ ಇಲ್ಲ. ಯಾವಾಗಲೋ ಬ್ಯಾಂಕ್ ಖಾತೆಗೋ, ಅನುದಾನಕ್ಕೋ ನವೀಕರಣದ ಕಾಗದ ಬೇಕಾದಾಗ ಐದಾರು ವರ್ಷದ್ದನ್ನು ಒಟ್ಟಿಗೆ ತಂದು, ದಂಡ ಕಟ್ಟಿ, ಒಂದೇ ದಿನ ಸಲ್ಲಿಸುತ್ತಾರೆ. ಐದು ವರ್ಷದ ಮಹಾಸಭೆಗಳು ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ನಡೆದುಹೋಗುತ್ತವೆ.

ಇದನ್ನು ಈಗ ಏಕೆ ಹೇಳುತ್ತಿದ್ದೇನೆ? ನಿವಾಸಿಗಳ ಸಂಘ ಈಗ ಬರೀ ಹಬ್ಬ ಮಾಡುವ ಸಂಘವಾಗಿ ಉಳಿದಿಲ್ಲ. ಸಂವಿಧಾನದ 1992ರ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳಿಗೆ ದಾರಿ ಮಾಡಿತು. ನಗರಪಾಲಿಕೆಗಳ ವಾರ್ಡ್ ಸಮಿತಿಯಲ್ಲಿ ನಿವಾಸಿ ಸಂಘಗಳ ಪ್ರತಿನಿಧಿಗಳಿಗೂ ಜಾಗ ಇದೆ. ಉದ್ಯಾನದ ನಿರ್ವಹಣೆ ಸಂಘಕ್ಕೆ ಹೋಗುತ್ತದೆ. ಸ್ಥಳೀಯ ಸಂಸ್ಥೆಗೆ ಇನ್ನೂ ಹಸ್ತಾಂತರವಾಗದ ಖಾಸಗಿ ಬಡಾವಣೆಗಳಲ್ಲಂತೂ ನೀರು, ದೀಪ, ಚರಂಡಿ ಎಲ್ಲ ಸಂಘದ್ದೇ. "ಜನರ ಅಭಿಪ್ರಾಯ ಪಡೆದಿದ್ದೇವೆ" ಎಂದು ಅಧಿಕಾರಿಗಳು ಹೇಳುವಾಗ ಎಷ್ಟೋ ಸಲ ಅವರು ಮಾತಾಡಿರುವುದು ಸಂಘದ ಲೆಟರ್‌ಹೆಡ್ ಹಿಡಿದು ಬಂದ ಇಬ್ಬರ ಹತ್ತಿರ. ಆ ಇಬ್ಬರನ್ನು ಯಾರು ಆರಿಸಿದರು, ಯಾವ ಸಭೆಯಲ್ಲಿ ಆರಿಸಿದರು ಎಂದು ಕೇಳುವ ಅಭ್ಯಾಸ ಯಾವ ಕಚೇರಿಗೂ ಇಲ್ಲ.

ಹಾಗಂತ ಸರ್ಕಾರ ಸಂಘಗಳ ಒಳಗೆ ಬಂದು ಕೂರಲಿ ಎಂದು ನಾನು ಕೇಳುವುದಿಲ್ಲ. ವಿಚಾರಣೆಯ ನಂತರ ಆಡಳಿತಾಧಿಕಾರಿಯನ್ನು ನೇಮಿಸಲು 27-ಎ ಸೆಕ್ಷನ್ ಇದೆ. ಅದು ನನಗೆ ಅಷ್ಟು ಇಷ್ಟವಿಲ್ಲ. ಆಡಳಿತಾಧಿಕಾರಿಗೆ ಅದು ಹತ್ತು ಜವಾಬ್ದಾರಿಗಳ ಜೊತೆ ಹನ್ನೊಂದನೆಯದು. ಅವರು ಬಂದಮೇಲೆ ಜಗಳ ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ. ಸಣ್ಣದರಲ್ಲೇ ಕೇಳುವ ದಾರಿ ಇದ್ದರೆ ವಿಷಯ ಅಲ್ಲಿಯವರೆಗೆ ಬೆಳೆಯುವುದಿಲ್ಲ.

ನನಗೆ ಬೇಕಿರುವುದು ದೊಡ್ಡ ತಿದ್ದುಪಡಿ ಅಲ್ಲ. ಹೆಚ್ಚಿನದಕ್ಕೆ ನಿಮ್ಮ ಒಂದು ಸುತ್ತೋಲೆ ಸಾಕು. ನೋಂದಣಿ ಕಚೇರಿಯಲ್ಲೇ ಸರಳ ಕನ್ನಡದ ಒಂದು ಮಾದರಿ ಬೈಲಾ ಸಿಗಲಿ. ಬೇಕಾದವರು ಬದಲಾಯಿಸಿಕೊಳ್ಳಲಿ. ಆದರೆ ಬಾಡಿಗೆದಾರರಿಗೆ ಸದಸ್ಯತ್ವ ಇದೆಯೇ ಇಲ್ಲವೇ, ಓಟು ಮನೆಗೋ ಮನುಷ್ಯರಿಗೋ, ಸಭೆಯ ನೋಟಿಸ್ ಎಷ್ಟು ದಿನ ಮೊದಲು, ಮುಂದೂಡಿದ ಸಭೆಯಲ್ಲಿ ಲೆಕ್ಕಪತ್ರ ಮತ್ತು ಚುನಾವಣೆ ತೆಗೆದುಕೊಳ್ಳಬಹುದೇ, ಒಬ್ಬರು ಒಂದೇ ಹುದ್ದೆಯಲ್ಲಿ ಎಷ್ಟು ಅವಧಿ ಇರಬಹುದು, ಈ ಪ್ರಶ್ನೆಗಳಿಗೆ ಉತ್ತರ ತುಂಬದ ಹೊರತು ನೋಂದಣಿ ಆಗಬಾರದು. ಏನು ಉತ್ತರ ಬರೆಯಬೇಕು ಎಂದು ನೀವು ಹೇಳಬೇಡಿ. ಖಾಲಿ ಬಿಡಲು ಮಾತ್ರ ಬಿಡಬೇಡಿ.

ಎರಡನೆಯದು, ವಾರ್ಷಿಕ ಕಾಗದಗಳ ಜೊತೆಗೆ ಸದಸ್ಯರ ಪಟ್ಟಿಯೂ ನಿಮ್ಮ ಕಚೇರಿಗೆ ಬರಲಿ. ಅದನ್ನು ಊರಿಗೆಲ್ಲ ತೋರಿಸಬೇಕಿಲ್ಲ. ಫೋನ್ ನಂಬರ್, ವಿಳಾಸ ಎಲ್ಲ ಇರುತ್ತದೆ, ಸಂಘದ ಸದಸ್ಯರಿಗೆ ನೋಡಲು ಸಿಕ್ಕರೆ ಸಾಕು. ಮೂರನೇ ಒಂದು ಭಾಗ ಎಂದರೆ ಎಷ್ಟು ಎಂದು ನಿಮ್ಮ ಅಧಿಕಾರಿಯೇ ಎಣಿಸಿ ಹೇಳಬಹುದು. ಯಾವ ಸಂಘ ಯಾವ ವರ್ಷದವರೆಗೆ ಲೆಕ್ಕ ಸಲ್ಲಿಸಿದೆ ಎಂಬ ಪಟ್ಟಿ ಮಾತ್ರ ಎಲ್ಲರಿಗೂ ಕಾಣಲಿ. ಹೆಸರು, ನೋಂದಣಿ ಸಂಖ್ಯೆ, ಕೊನೆಯದಾಗಿ ಸಲ್ಲಿಸಿದ ವರ್ಷ, ಮೂರೇ ಕಾಲಂ. ವಂತಿಗೆ ಕೇಳಲು ಬಂದವರಿಗೆ ಜನರೇ ಆ ಪಟ್ಟಿ ತೋರಿಸಿ ಮಾತಾಡುತ್ತಾರೆ, ನಿಮ್ಮ ಇಲಾಖೆಗೆ ಅರ್ಧ ಕೆಲಸ ಕಡಿಮೆ.

ಮತ್ತೆ ಅದೇ 25ನೇ ಸೆಕ್ಷನ್‌ಗೆ ಬರುತ್ತೇನೆ. ಸಹಿಗಳಿಗೆ ಕಾಯದೆ ನೋಂದಣಾಧಿಕಾರಿ ತಾವೇ ವಿಚಾರಣೆ ಶುರು ಮಾಡಬಹುದು ಎಂದೂ ಅದರಲ್ಲೇ ಇದೆ. ಆ ಅಧಿಕಾರವನ್ನು ಯಾವಾಗ ಬಳಸಬೇಕು ಎಂಬುದಕ್ಕೆ ಸ್ಪಷ್ಟ ಸೂಚನೆ ಕೊಡಿ. ಸತತ ಎರಡು ವರ್ಷ ಮಹಾಸಭೆಯ ಕಾಗದ ಬಂದಿಲ್ಲ, ಅಥವಾ ಸದಸ್ಯರೊಬ್ಬರು ಬರೆದು ಕೇಳಿದರೂ ಲೆಕ್ಕ, ಪಟ್ಟಿ ತೋರಿಸಿಲ್ಲ, ಇಂಥ ಎರಡು ಸಂದರ್ಭಗಳಲ್ಲಿ ಒಬ್ಬನೇ ಸದಸ್ಯನ ಅರ್ಜಿ ಬಂದರೂ ಅಧಿಕಾರಿ ಸಂಘಕ್ಕೆ ಒಂದು ನೋಟಿಸ್ ಕಳಿಸಲಿ. ಮೊದಲೇ ವಿಚಾರಣೆ ಬೇಡ. "ಇವರು ಕೇಳಿದ್ದನ್ನು ಇಷ್ಟು ದಿನದಲ್ಲಿ ಕೊಡಿ" ಎಂಬ ಒಂದು ಕಾಗದ. ನನ್ನ ಅಂದಾಜಿನಲ್ಲಿ ಬಹಳಷ್ಟು ಜಗಳ ಆ ಕಾಗದದಲ್ಲೇ ಮುಗಿಯುತ್ತದೆ.

ಸುತ್ತೋಲೆ ಹೊರಡಿಸುವ ಮೊದಲು ಯಾವುದಾದರೂ ಒಂದು ಜಿಲ್ಲೆಯ ಕಚೇರಿಯಿಂದ ಒಂದೇ ಮಾಹಿತಿ ತರಿಸಿ ನೋಡಿ. ಅಲ್ಲಿ ನೋಂದಣಿಯಾದ ಸಂಘಗಳಲ್ಲಿ ಹೋದ ವರ್ಷದ ಲೆಕ್ಕಪತ್ರ ಸಲ್ಲಿಸಿದವು ಎಷ್ಟು? ಆ ಸಂಖ್ಯೆ ಸಿಕ್ಕಾಗ ನಮಗೂ ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಬಡಾವಣೆಯ ಸಂಘವೊಂದರ ಸಾಮಾನ್ಯ ಸದಸ್ಯ