ಕುಡಿಯುವ ನೀರಿಗೆ ಬೋರ್ ನೀರು ಬೆರೆಸಿದ್ದರ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮ್ಯಾನೇಜರ್ ಅವರಿಗೆ,

ಮಾನ್ಯರೇ,

ಫೋನಿನಲ್ಲಿ ಮರ್ಯಾದೆಯಾಗಿ ಹೇಳಿ ಸಾಕಾಯಿತು. ಯಾರೂ ಬರುವುದಿಲ್ಲ. "ಕಂಪ್ಲೇಂಟ್ ಕ್ಲೋಸ್ ಆಗಿದೆ" ಅಂತ ಮೆಸೇಜ್ ಮಾತ್ರ ಬರುತ್ತದೆ.

ನಮ್ಮದು ಪಾವಗಡ. ಇಲ್ಲಿನ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಹೇಳಿಯೇ ನಿಮ್ಮ ಸೇಲ್ಸ್ ಹುಡುಗ ಆರ್‌ಓ ಯಂತ್ರ ಮಾರಿದ್ದು. ಸರ್ವಿಸ್‌ಗೆ ಬಂದ ಟೆಕ್ನಿಷಿಯನ್ "ನೀರು ಸಪ್ಪೆ ಇದೆ, ಮಿನರಲ್ ಸೇರಿಸ್ತೀನಿ" ಅಂತ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಕಂಟ್ರೋಲರ್‌ನ ಸ್ಕ್ರೂ ತಿರುಗಿಸಿದ. 60 ಇದ್ದ ಟಿಡಿಎಸ್ 480 ಆಯಿತು. ಆ ಸ್ಕ್ರೂ ತೆರೆದರೆ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ದಾಟದ ಬೋರ್ ನೀರೇ ಬಂದು ಬೆರೆಯುತ್ತದೆ. ಇದು ನಿಮಗೆ ಗೊತ್ತಿಲ್ಲದ ವಿಷಯವಲ್ಲ.

ನಾನು ಕೇಳಿದೆ. ಆತ ಪೆನ್ನಿನಂಥ ಮೀಟರನ್ನು ಲೋಟಕ್ಕೆ ಅದ್ದಿ ನನ್ನ ಮುಖದ ಹತ್ತಿರ ಹಿಡಿದ.

"ನೋಡಿ ಮೇಡಂ, 500ರ ಒಳಗಿದೆ."

"ಫ್ಲೋರೈಡ್ ಎಷ್ಟಿದೆ ಅಂತ ಇದು ತೋರಿಸುತ್ತಾ?"

"ಎಲ್ಲಾ ಇದರಲ್ಲೇ ಬರುತ್ತೆ."

ಬರುವುದಿಲ್ಲ, ಕರಗಿದ ಲವಣ ಒಟ್ಟು ಎಷ್ಟಿದೆ ಅನ್ನೋ ಅಂದಾಜು ಅಷ್ಟೇ ಅದು ಅಂದೆ. ಆತ ಮೀಟರ್ ಒರೆಸಿ ಜೇಬಿಗೆ ಹಾಕಿಕೊಂಡ. ಜಗಲಿಯಲ್ಲಿ ಕೂತಿದ್ದ ನಮ್ಮ ಮಾವನವರ ಕಡೆ ತಿರುಗಿದ. "ಯಜಮಾನ್ರೇ, ಹೆಂಗಸರಿಗೆ ಟೆಕ್ನಿಕಲ್ ವಿಷಯ ಅರ್ಥ ಆಗಲ್ಲ. ನೀವೇ ಸೈನ್ ಹಾಕಿ" ಅಂದ. ಪಕ್ಕದ ಮನೆಯವರೂ ಅಲ್ಲೇ ನಿಂತಿದ್ದರು. ಬಿಲ್ ಇರುವುದು ನನ್ನ ಹೆಸರಿನಲ್ಲಿ. ದುಡ್ಡು ಕೊಟ್ಟವಳೂ ನಾನೇ. ನಿಮ್ಮ ಕಂಪನಿಯಲ್ಲಿ ಗ್ರಾಹಕರ ಜೊತೆ ಹೀಗೇ ಮಾತಾಡಿ ಅಂತ ಹೇಳಿಕೊಡುತ್ತೀರಾ?

ಎರಡೂ ನೀರನ್ನು ಲ್ಯಾಬಿಗೆ ಕೊಟ್ಟೆ. ಫ್ಲೋರೈಡ್ ಬೋರ್ ನೀರಿನಲ್ಲಿ ಲೀಟರಿಗೆ 4.1 ಮಿಲಿಗ್ರಾಂ, ನಿಮ್ಮ ಯಂತ್ರದ ನೀರಿನಲ್ಲಿ 1.8. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 1ರ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ ಕೂಡ 1.5 ದಾಟುವಂತಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನನ್ನ ಮಗಳಿಗೆ 4 ವರ್ಷ. ಮುಂದೆ ಬರಬೇಕಾದ ಹಲ್ಲುಗಳು ಈಗ ದವಡೆಯೊಳಗೆ ಬೆಳೆಯುತ್ತಿವೆ. ಫ್ಲೋರೈಡ್‌ನಿಂದ ಅವಕ್ಕೆ ಕಲೆ ಹತ್ತಿದರೆ ಎಷ್ಟು ಉಜ್ಜಿದರೂ ಹೋಗಲ್ಲ. ಇದೇ ಊರಿನಲ್ಲಿ ಅಂಥ ಹಲ್ಲು ನೋಡುತ್ತಲೇ ಬೆಳೆದವಳು ನಾನು.

ಆ ಸ್ಕ್ರೂ ಪೂರ್ತಿ ಮುಚ್ಚಿಸಿ. ನಿಮ್ಮ ಖರ್ಚಿನಲ್ಲೇ ಮತ್ತೆ ಫ್ಲೋರೈಡ್ ಟೆಸ್ಟ್ ಮಾಡಿಸಿ, ವರದಿಯನ್ನು ನನ್ನ ಕೈಗೆ ಕೊಡಿ. ನಮ್ಮ ಬೀದಿಯ ಬೇರೆ ಮನೆಗಳಲ್ಲೂ ಆತ ಇದನ್ನೇ ಮಾಡಿದ್ದಾನೆ, ಅವನ್ನೂ ಸರಿ ಮಾಡಿಸಿ.

ಬರುವ ಸೋಮವಾರದವರೆಗೆ ಕಾಯುತ್ತೇನೆ. ಆಮೇಲೆ ಲ್ಯಾಬ್ ವರದಿಯ ನಕಲು ನಮ್ಮ ಬೀದಿಯ ಪ್ರತಿ ಮನೆಗೂ ಹೋಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತುಮಕೂರಿನ ಜಿಲ್ಲಾ ಆಯೋಗದಲ್ಲಿ ಕೇಸು ಹಾಕುತ್ತೇನೆ. ಆಗ ರಾಜಿ ಮಾಡಿಕೊಳ್ಳೋಣ ಅಂತ ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ, ಪಾವಗಡ